ಓದುಗರ ಪ್ರಶ್ನೆ: ದ್ವಾರಸಮುದ್ರದ ಕೋಟೆ ಎಲ್ಲೋಯ್ತು?

ಪ್ರಶ್ನೆ: ಮಕ್ಕಳನ್ನ ಕರ್ಕೊಂಡು ಹಳೇಬೀಡಿಗೆ ಹೋಗಿದ್ವಿ. ವಾಪಸ್ ಬರೋವಾಗ ಮಗಳು ಬಸ್ಸಲ್ಲಿ ಕೇಳಿದ್ಲು, ರಾಜಧಾನಿ ಅಂದ್ರಲ್ಲ, ಕೋಟೆ ಎಲ್ಲಿ, ಅರಮನೆ ಎಲ್ಲಿ ಅಂತ. ನಮಗೆ ಉತ್ತರ ಗೊತ್ತಾಗ್ಲಿಲ್ಲ. (ಅರಸೀಕೆರೆಯ ಓದುಗರು)

ಉತ್ತರ: ನಿಮ್ಮ ಮಗಳು ಕೇಳಿದ್ದು ಬಹಳ ಒಳ್ಳೆ ಪ್ರಶ್ನೆ, ಹಳೇಬೀಡಿಗೆ ಹೋಗೋ ಪ್ರತಿಯೊಬ್ರೂ ಇದನ್ನ ಕೇಳ್ಬೇಕು ಅನ್ನೋದು ನನ್ನ ಆಸೆ. ನಾವೆಲ್ಲ ಹೋಗೋದು ಹೊಯ್ಸಳೇಶ್ವರ ನೋಡೋಕೆ, ಒಂದು ಗಂಟೆ ಸುತ್ತಿ ಫೋಟೋ ತಗೊಂಡು ಬೇಲೂರು ಬಸ್ ಹತ್ತೋದು, ಆದ್ರೆ ಆ ಗುಡಿ ಒಂದು ದೊಡ್ಡ ಕೋಟೆಯೂರಿನ ಒಂದು ಭಾಗ ಅಷ್ಟೇ. ಇವತ್ತಿನ ಹಳೇಬೀಡೇ ಆಗ ಹೊಯ್ಸಳರ ರಾಜಧಾನಿ ದ್ವಾರಸಮುದ್ರ. ದ್ವಾರಸಮುದ್ರ ಅಂದ್ರೆ ಸುತ್ತ ಕಲ್ಲಿನ ಕೋಟೆಗೋಡೆ, ಪಕ್ಕದಲ್ಲಿ ಸಮುದ್ರದಂಥ ಕೆರೆ, ಮಧ್ಯೆ ಅರಮನೆ, ಶಿವನ ಗುಡಿಗಳು, ವಿಷ್ಣು ಗುಡಿಗಳು, ಬಸದಿಗಳು, ವರ್ತಕರ ಬೀದಿಗಳು. ಗೋಡೆಯ ತುಂಡುಗಳು ಈಗಲೂ ಊರಿನ ಸುತ್ತ ಹೊಲಗಳ ನಡುವೆ ಇವೆ, ಗಿಡಗಂಟಿ ಬೆಳೆದಿರೋದ್ರಿಂದ ರಸ್ತೇಲಿ ಹೋಗೋರಿಗೆ ಬರೀ ಕಲ್ಲಿನ ರಾಶಿ ಥರ ಕಾಣುತ್ತೆ.

ಅರಮನೆ ಮಾತ್ರ ಉಳಿದಿಲ್ಲ. ಆಗಿನವರು ಕಲ್ಲು ಬಳಸ್ತಿದ್ದದ್ದು ದೇವರ ಮನೆಗೆ, ರಾಜರ ಮನೆಗೂ ಮರ, ಇಟ್ಟಿಗೆ, ಮಣ್ಣೇ ಜಾಸ್ತಿ, ಹಂಗಾಗಿ ಒಮ್ಮೆ ಕೈಬಿಟ್ಟ ಮೇಲೆ ಎಷ್ಟು ದಿನ ನಿಲ್ಲುತ್ತೆ ಹೇಳಿ. ಮುಂದಿನ ಸಲ ಹೋದಾಗ ಹೊಯ್ಸಳೇಶ್ವರದ ದಕ್ಷಿಣದ ಬಾಗಿಲ ಹತ್ರ ಮಗಳನ್ನ ನಿಲ್ಲಿಸಿ, ಬಾಗಿಲ ಮೇಲಿನ ಅಡ್ಡಪಟ್ಟಿಯಲ್ಲಿ ತಾಂಡವ ಆಡ್ತಿರೋ ಶಿವ, ಎರಡೂ ಕಡೆ ಮಕರಗಳು, ಆ ಬಾಗಿಲಷ್ಟು ಮುತುವರ್ಜಿಯಿಂದ ಕೆತ್ತಿದ್ದು ಕಮ್ಮಿ. ಅರಮನೆ ಆ ಕಡೆಗೇ ಇತ್ತು, ರಾಜ ಒಳಗೆ ಬರ್ತಿದ್ದದ್ದು ಅದೇ ಬಾಗಿಲಿಂದ ಅಂತ ಹೇಳ್ಕೊಂಡು ಬಂದಿದಾರೆ.

ಪ್ರಶ್ನೆ: ಅಲ್ಲಿ ದೊಡ್ಡ ನದಿ ಇಲ್ಲ. ಅಷ್ಟು ದೊಡ್ಡ ಊರಿಗೆ ನೀರು ಎಲ್ಲಿಂದ? (ಬೇಲೂರಿನ ಓದುಗರು)

ಉತ್ತರ: ನಿಮ್ಮೂರಿನ ಯಗಚಿಯಿಂದಾನೇ! ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದು ಬರೋ ಯಗಚಿಯ ನೀರನ್ನ ಕಾಲುವೆ ತೋಡಿ ಹಳೇಬೀಡಿನ ಕೆರೆಗೆ ತಿರುಗಿಸಿದ್ರು ಹೊಯ್ಸಳರು. ಕೆರೆ ಅವರಿಗಿಂತ ಹಳೇದು. ಕೋಟೆ ಅಂದ್ರೆ ಗೋಡೆ ಎತ್ತರ, ಕಂದಕದ ಆಳ ಅಂತ ಮಾತಾಡ್ತೀವಿ, ಆದ್ರೆ ಮುತ್ತಿಗೆ ಬಿದ್ದಾಗ ಊರನ್ನ ಉಳಿಸೋದು ಒಳಗಿರೋ ನೀರು ಮತ್ತು ದವಸ. ಸಮಯ ಇದ್ರೆ ಹತ್ತಿರದ ಹುಲಿಕೆರೆಗೂ ಹೋಗ್ಬನ್ನಿ, ಅಲ್ಲಿ 12ನೇ ಶತಮಾನದ ಕಲ್ಯಾಣಿ ಇದೆ, ಮೆಟ್ಟಿಲು ಇಳೀತಾ ಹೋದ್ರೆ ಸುತ್ತ ಪುಟ್ಟ ಪುಟ್ಟ ಗುಡಿಗಳು, ಜನಾನೂ ಕಮ್ಮಿ.

ಪ್ರಶ್ನೆ: ವಿಷ್ಣುವರ್ಧನ ವೈಷ್ಣವ, ಶಾಂತಲೆ ಜೈನಳು, ಕಟ್ಟಿದ್ದು ಶಿವನ ಗುಡಿ. ಅರಮನೆಯಲ್ಲಿ ಜಗಳ ಆಗ್ತಿರ್ಲಿಲ್ವಾ? (ಚಿಕ್ಕಮಗಳೂರಿನ ಓದುಗರು)

ಉತ್ತರ: ಮೊದಲು ಒಂದು ವಿಷಯ, 1121ರ ಸುಮಾರಿಗೆ ಶುರುವಾದ ಆ ಶಿವನ ಗುಡಿ, ಅಂದ್ರೆ ಹೊಯ್ಸಳೇಶ್ವರ, ಕಟ್ಟಿಸಿದ್ದು ಕೇತಮಲ್ಲ ಅನ್ನೋ ಅಧಿಕಾರಿ. ಅದ್ರಲ್ಲಿ ಎರಡು ಗರ್ಭಗುಡಿ, ಒಂದು ರಾಜನ ಹೆಸರಲ್ಲಿ, ಇನ್ನೊಂದು ಶಾಂತಲೇಶ್ವರ ಅಂತ ರಾಣಿ ಹೆಸರಲ್ಲಿ. ಅದೇ ಶಾಂತಲಾದೇವಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದ್ದಾಳೆ.

ಅರಮನೆ ಜನ ಹೆಂಗೆ ಬದುಕ್ತಿದ್ರು ಅಂತ ತಿಳಿಯೋಕೆ ನನಗೆ ತುಂಬಾ ಇಷ್ಟವಾದ ಶಾಸನ ಒಂದಿದೆ. ಹೊಯ್ಸಳೇಶ್ವರದಿಂದ ನಡ್ಕೊಂಡೇ ಹೋಗಬಹುದಾದಷ್ಟು ಹತ್ರ ಪಾರ್ಶ್ವನಾಥ ಬಸದಿ ಇದೆ, ದಂಡನಾಯಕ ಗಂಗರಾಜ ತೀರ್ಕೊಂಡ ಮೇಲೆ ಮಗ ಬೊಪ್ಪ ಅಪ್ಪನ ನೆನಪಿಗೆ 1133ರಲ್ಲಿ ಕಟ್ಟಿಸಿದ್ದು. ಪ್ರತಿಷ್ಠೆ ಆದ್ಮೇಲೆ ಅರ್ಚಕರು ಪ್ರಸಾದ ತಗೊಂಡು ಬಂಕಾಪುರದಲ್ಲಿದ್ದ ರಾಜನ ಹತ್ರ ಹೋಗ್ತಾರೆ, ಅದೇ ಹೊತ್ತಿಗೆ ರಾಜ ಯುದ್ಧ ಗೆದ್ದಿದ್ದ, ಗಂಡು ಮಗೂನೂ ಹುಟ್ಟಿತ್ತು, ಖುಷಿಯಲ್ಲಿ ಎದ್ದು ಪ್ರಸಾದ ಕಣ್ಣಿಗೊತ್ಕೊಂಡು ಆ ದೇವರಿಗೆ ವಿಜಯ ಪಾರ್ಶ್ವ ಅಂತ ಹೆಸರಿಟ್ಟು ಮಗೂಗೂ ವಿಜಯ ನರಸಿಂಹ ಅಂತ ಇಟ್ಟ. ವಿಷ್ಣುಭಕ್ತ ರಾಜ, ಜೈನ ದೇವರ ಪ್ರಸಾದ! ಆ ಬಸದಿಯ ಒಳಗಿನ ಕಂಬಗಳನ್ನ ಹತ್ತಿರ ಹೋಗಿ ನೋಡಿ, ಕಪ್ಪು ಕಲ್ಲನ್ನ ಎಷ್ಟು ನಯ ಮಾಡಿದಾರೆ ಅಂದ್ರೆ ಎದುರಿಗೆ ನಿಂತ್ರೆ ನಮ್ಮ ನೆರಳು ಅದ್ರಲ್ಲಿ ಕಾಣುತ್ತೆ.

ಪ್ರಶ್ನೆ: ಹೊಯ್ಸಳೇಶ್ವರದ ಪಕ್ಕ ಒಂದು ಕಂಬದಲ್ಲಿ ಕತ್ತಿ ಹಿಡಿದು ತಲೆ ಕತ್ತರಿಸ್ಕೊಳ್ತಿರೋ ಗೊಂಬೆಗಳಿವೆ. ಯಾರು ಇವರು? (ಕಡೂರಿನ ಓದುಗರು)

ಉತ್ತರ: ಗರುಡರು. ರಾಜನ ಬೆನ್ನಿಗೆ ನಿಲ್ಲೋ ಅಂಗರಕ್ಷಕರು, ಬದುಕಿದ್ರೂ ನಿನ್ನ ಜೊತೆ ಸತ್ರೂ ನಿನ್ನ ಜೊತೆ ಅಂತ ಆಣೆ ಮಾಡಿದವರು. 1220ರಲ್ಲಿ ಇಮ್ಮಡಿ ಬಲ್ಲಾಳ ತೀರ್ಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಹೆಂಡತಿ ಸುಗ್ಗಲದೇವಿ ಮತ್ತು ಜೊತೆಗಾರರು ಆ ಮಾತು ಉಳಿಸ್ಕೊಂಡು ಪ್ರಾಣ ಬಿಟ್ರು, ಆ ಕಂಬ ಅವರದ್ದು. ಗೈಡ್‌ಗಳು ಇದನ್ನ ಎರಡೇ ಮಾತಲ್ಲಿ ಮುಗಿಸ್ತಾರೆ, ನನಗೆ ಬೇಜಾರಾಗುತ್ತೆ, ಯಾಕಂದ್ರೆ ಕೋಟೆಯೊಳಗಿನ ನಿಷ್ಠೆ ಅನ್ನೋದು ಎಷ್ಟು ಭಾರದ್ದು, ಒಂದು ಮನೆಯ ಹೆಂಗಸೂ ಆ ಆಣೆಗೆ ಹೆಂಗೆ ಸಿಕ್ಕೊಳ್ತಿದ್ಲು ಅನ್ನೋದು ಇಷ್ಟು ನೇರವಾಗಿ ಬೇರೆಲ್ಲೂ ಕಾಣಲ್ಲ.

ಪ್ರಶ್ನೆ: ಇಷ್ಟು ಗಟ್ಟಿ ಕೋಟೆ ಮಲಿಕ್ ಕಾಫೂರ್‌ಗೆ ಹೆಂಗೆ ಬಗ್ಗಿತು? (ಹಾಸನದ ಓದುಗರು)

ಉತ್ತರ: ರಾಜ ಊರಲ್ಲಿ ಇರ್ಲಿಲ್ಲ. 1311ರಲ್ಲಿ ದೆಹಲಿ ಸೈನ್ಯ ಬಂದಾಗ ಮುಮ್ಮಡಿ ಬಲ್ಲಾಳ ಪಾಂಡ್ಯರ ಅಣ್ಣತಮ್ಮಂದಿರ ಜಗಳದ ಲಾಭ ಪಡೆಯೋಕೆ ತಮಿಳು ಸೀಮೆಗೆ ದಂಡು ಕಟ್ಕೊಂಡು ಹೋಗಿದ್ದ. ಸುದ್ದಿ ತಿಳಿದು ವಾಪಸ್ ಓಡಿ ಬಂದು ಪರಿಸ್ಥಿತಿ ನೋಡಿ ಸಂಧಿಗೆ ಒಪ್ಪಿದ, ಆನೆ, ಕುದುರೆ, ಖಜಾನೆ ಕೊಟ್ಟ, ಮಗನನ್ನ ದೆಹಲಿಗೆ ಕಳಿಸಿದ, ಅವನು 1313ಕ್ಕೆ ವಾಪಸ್ ಬಂದ. ಊರು ಆಗ್ಲೇ ಸತ್ತೋಯ್ತು ಅನ್ನೋದು ಸರಿಯಲ್ಲ. ತುಘಲಕ್ ಸೈನ್ಯ ಮತ್ತೆ ಬಂದು ಹಾಳು ಮಾಡಿದ ಮೇಲೇ ರಾಜ ತಿರುವಣ್ಣಾಮಲೈ ಕಡೆ ನೆಲೆ ಮಾಡಿದ್ದು. 1343ರಲ್ಲಿ ಮಧುರೆ ಸುಲ್ತಾನರ ಜೊತೆಗಿನ ಯುದ್ಧದಲ್ಲಿ ಸೆರೆ ಸಿಕ್ಕಿ ಜೀವ ಕಳ್ಕೊಂಡ.

ಪ್ರಶ್ನೆ: ಮಂಜರಾಬಾದ್ ಕೋಟೆಯಲ್ಲೂ ರಾಜರು ವಾಸ ಇದ್ರಾ? (ಸಕಲೇಶಪುರದ ಓದುಗರು)

ಉತ್ತರ: ಇಲ್ಲ, ಅದು ಟಿಪ್ಪು 1792ರಲ್ಲಿ ಕಟ್ಟಿಸಿದ ಸೈನ್ಯದ ಠಾಣೆ, ಎಂಟು ಮೂಲೆಯ ನಕ್ಷತ್ರದ ಆಕಾರ. ಘಾಟಿ ಮೇಲೆ ಕಣ್ಣಿಡೋಕೆ ಮತ್ತು ಮದ್ದುಗುಂಡು ಇಡೋಕೆ.

ಪ್ರಶ್ನೆ: ನಮ್ಮ ತೋಟದಲ್ಲಿ ಗುಂಡಿ ತೆಗೆಯೋವಾಗ ಕೆತ್ತಿದ ಕಲ್ಲು ಸಿಕ್ಕಿದೆ. ಹೇಳಿದ್ರೆ ಜಮೀನು ಹೋಗುತ್ತೆ ಅಂತ ಹೆದರಿಸ್ತಿದಾರೆ. (ಹಳೇಬೀಡು ಹತ್ತಿರದ ಓದುಗರು)

ಉತ್ತರ: ಕಲ್ಲು ಸಿಕ್ತು ಅಂದ ತಕ್ಷಣ ಜಮೀನು ಹೋಗಲ್ಲ, ದಯವಿಟ್ಟು ಮುಚ್ಚಿಡಬೇಡಿ, ಒಡೆದು ಬದುವಿಗೂ ಹಾಕ್ಬೇಡಿ. ಎಲ್ಲಿ ಸಿಕ್ತೋ ಅಲ್ಲೇ ಬಿಟ್ಟು ಫೋಟೋ ತೆಗೆದು ತಹಸೀಲ್ದಾರ್ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ತಗೊಳ್ಳಿ. ಕಲ್ಲು ಎಷ್ಟು ಆಳದಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ಬಿದ್ದಿತ್ತು ಅನ್ನೋದೇ ತಜ್ಞರಿಗೆ ಮುಖ್ಯ, ಎತ್ತಿ ಪಕ್ಕಕ್ಕಿಟ್ರೆ ಅದು ಹೋಯ್ತು. ಇನ್ನು ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ, ಅದರಾಚೆ 200 ಮೀಟರ್ ವರೆಗೆ ಅನುಮತಿ ಬೇಕು. ನಿಮ್ಮ ತೋಟ ಆ ಅಳತೆಯೊಳಗೆ ಬರುತ್ತಾ ಅಂತ ಮೊದಲು ವಿಚಾರಿಸ್ಕೊಳ್ಳಿ.