ಒಂದು ಡ್ರೈವರ್ ಕೆಟ್ಟರೆ ಇಡೀ ಕಂಪ್ಯೂಟರ್ ಯಾಕೆ ನಿಂತುಹೋಗುತ್ತದೆ?

ಬ್ರೌಸರ್ ಕ್ರ್ಯಾಶ್ ಆದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಗ್ರಾಫಿಕ್ಸ್ ಡ್ರೈವರ್ (ಡ್ರೈವರ್ ಅಂದರೆ ಕಂಪ್ಯೂಟರಿನ ಒಂದು ಭಾಗವನ್ನು ನಡೆಸುವ ಪ್ರೋಗ್ರಾಂ) ಎಡವಿದರೆ ಕೆಲವೊಮ್ಮೆ ನೀಲಿ ಪರದೆ ಬಂದು ಎಲ್ಲವೂ ನಿಲ್ಲುತ್ತದೆ, ಅಲ್ವಾ? ಆ ಕೋಡ್ ಎಲ್ಲಿ ಓಡುತ್ತಿದೆ ಎಂಬುದರ ಮೇಲೆ ಇದು ನಿಂತಿದೆ.

ಆಪರೇಟಿಂಗ್ ಸಿಸ್ಟಮ್ ಪ್ರತಿ ಆ್ಯಪ್‌ಗೂ ಬೇರೆ ಬೇರೆ ಮೆಮೊರಿ ಕೊಡುತ್ತದೆ. ಇನ್ನೊಂದರ ಮೆಮೊರಿಗೆ ಕೈ ಹಾಕಿದರೆ ಪ್ರೊಸೆಸರ್ ತಡೆಯುತ್ತದೆ. ವಿಂಡೋಸ್ 95, 98ರಲ್ಲಿ ಈ ಗೋಡೆ ಅರೆಬರೆಯಾಗಿತ್ತು. ಹಾಗಾಗಿ ಒಂದು ಕೆಟ್ಟ ಪ್ರೋಗ್ರಾಂ ಇಡೀ ಸಿಸ್ಟಮನ್ನೇ ಬೀಳಿಸಬಹುದಿತ್ತು.

ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಒಳಗೆ ಮಾತ್ರ ಇಂಥ ಗೋಡೆಗಳಿಲ್ಲ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಹೆಚ್ಚಿನ ಡ್ರೈವರ್‌ಗಳು ಅಲ್ಲೇ ಓಡುತ್ತವೆ. ಅಲ್ಲಿ ತಪ್ಪಾದರೆ ಯಾವ ಮೆಮೊರಿ ಹಾಳಾಗಿದೆಯೋ ಹೇಳಲಾಗದು. ಡಿಸ್ಕ್‌ಗೆ ಕಸ ಬರೆಯುವುದಕ್ಕಿಂತ ನಿಲ್ಲುವುದೇ ವಾಸಿ ಎಂದು ಸಿಸ್ಟಮ್ ಬೇಕಂತಲೇ ನಿಲ್ಲುತ್ತದೆ. ನೀಲಿ ಪರದೆಯನ್ನು ಸುಮ್ನೆ ಬೈಯುತ್ತೇವೆ, ಅದು ನಮ್ಮ ಫೈಲ್‌ಗಳನ್ನು ಕಾಯುತ್ತಿರುತ್ತದೆ! 2024ರ ಜುಲೈ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ಅದರ ಡ್ರೈವರ್ ಕರ್ನಲ್ ಒಳಗಿತ್ತು. ಬೂಟ್ ಆಗುವಾಗಲೇ ಲೋಡ್ ಆಗುತ್ತಿದ್ದರಿಂದ ರೀಸ್ಟಾರ್ಟ್ ಮಾಡಿದರೂ ಎಷ್ಟೋ ಯಂತ್ರಗಳು ಏಳಲಿಲ್ಲ.

ಮೈಕ್ರೋಕರ್ನಲ್ ವಿನ್ಯಾಸದಲ್ಲಿ ಡ್ರೈವರ್‌ಗಳೂ ಆ್ಯಪ್‌ಗಳ ಹಾಗೆ ಹೊರಗೇ ಇರುತ್ತವೆ. ಇಂಥದ್ದೇ ಆಪರೇಟಿಂಗ್ ಸಿಸ್ಟಮ್ ಆದ ಮಿನಿಕ್ಸ್ 3ರಲ್ಲಿ ಡ್ರೈವರ್ ಸತ್ತರೆ ಇನ್ನೊಂದು ಪ್ರೋಗ್ರಾಂ ಅದನ್ನು ಮತ್ತೆ ಶುರು ಮಾಡುತ್ತದೆ. ಕಾರುಗಳಲ್ಲಿ ಜಾಸ್ತಿ ಕಾಣುವ ಕ್ಯೂಎನ್‌ಎಕ್ಸ್ ಕೂಡ ಇದೇ ಜಾತಿ. ಭಾಗಗಳ ನಡುವೆ ಸಂದೇಶ ಓಡಾಡಬೇಕಾದ್ದರಿಂದ ವೇಗ ಸ್ವಲ್ಪ ತಗ್ಗುತ್ತದೆ. ಜೀವ ಕಾಯುವ ಯಂತ್ರಗಳಲ್ಲಿ ಆ ನಷ್ಟ ಏನೇನೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ರ್‍ಯಾಮ್ ಚಿಪ್ಪೇ ಕೆಟ್ಟಿದ್ದರೆ ಯಾವ ವಿನ್ಯಾಸವೂ ಹೆಚ್ಚೇನು ಮಾಡಲಾರದು.