ಒಂದು ಎಕರೆ ಜಾಗ, ಆರು ಕೊಠಡಿಯ ಹಳ್ಳಿ ಶಾಲೆ. ಕಾಂಕ್ರೀಟ್ ಫ್ರೇಮ್ ಹಾಕಿದರೆ ಪರಿಸರಕ್ಕೆ ಒಳ್ಳೇದಾ?

2008ರಲ್ಲಿ ನಾನೂ ಇದನ್ನೇ ಕೇಳಿದ್ದೆ. ಪಾಂಡವಪುರದ ಕಡೆ ಒಂದು ಸಣ್ಣ ಶಾಲೆಯ ಕಮಿಟಿಯಲ್ಲಿದ್ದೆ, ಕಟ್ಟಡದ ಉಸ್ತುವಾರಿ ನನ್ನ ತಲೆಗೇ ಬಂತು. ಎಂಜಿನಿಯರ್ ಫ್ರೇಮ್ ಅಂದರು. ಭಾರವನ್ನೆಲ್ಲ ಕಾಲಂ, ಬೀಮೇ ಹೊರುತ್ತವೆ, ಗೋಡೆ ಬರೀ ಮರೆ. ದೊಡ್ಡ ಕಿಟಕಿ ಇಡಬಹುದು, ಎರಡು ಕ್ಲಾಸು ಒಂದು ಮಾಡಬೇಕಾದರೆ ನಡುಗೋಡೆ ತೆಗೆದರಾಯ್ತು. ಅದೆಲ್ಲ ನಿಜವೇ.

ಮೋಲ್ಡ್ ಹಾಕುವ, ಅಂದರೆ ಚಾವಣಿಗೆ ಕಾಂಕ್ರೀಟ್ ಸುರಿಯುವ, ಹಿಂದಿನ ಸಂಜೆ ಸೆಂಟ್ರಿಂಗ್ ಹಲಗೆ ಮೇಲೆ ಹತ್ತಿ ನೋಡಿದೆ. ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಸಣ್ಣ ಬಿಲ್ಲೆ, ಕವರ್ ಬ್ಲಾಕ್, ಅಡಿಗೆ ಇಲ್ಲ, ಅಲ್ಲಲ್ಲಿ ಜಲ್ಲಿ ಚೂರು ಸಿಕ್ಕಿಸಿದ್ದರು. ಕೇಳಿದರೆ ಮೇಸ್ತ್ರಿ, "ಮೂವತ್ತು ವರ್ಸದಿಂದ ಹಿಂಗೇ ಹಾಕ್ತಿರೋದು ಸಾ" ಅಂದರು. ಬೆಳಗ್ಗೆ ಮಿಕ್ಸರ್, ಆಳುಗಳು ಎಲ್ಲ ಬರುವುದಿತ್ತು. ಸುಮ್ನಾದೆ.

ಅಲ್ಲೇ ಕೆಟ್ಟಿದ್ದು. ಬಾಂಡ್ಲಿ ಹೊತ್ತವರು ಕಂಬಿ ತುಳಿದಾಗ ಜಲ್ಲಿ ಚೂರು ಜಾರುತ್ತದೆ, ಕಂಬಿ ಹೋಗಿ ಹಲಗೆಗೆ ಕೂರುತ್ತದೆ. ಸ್ಲ್ಯಾಬ್ ಕಂಬಿಯ ಕೆಳಗೆ ಕನಿಷ್ಠ 20 ಮಿಲಿಮೀಟರ್, ಕಾಲಂ ಕಂಬಿಯ ಸುತ್ತ 40 ಮಿಲಿಮೀಟರ್ ಕಾಂಕ್ರೀಟ್ ಇರಬೇಕು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಆ ಹೊದಿಕೆಯ ಕ್ಷಾರವೇ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುವುದು. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಕ್ಕಿಷ್ಟು ಅಂತ ಒಳಗಿಳಿದು ಆ ಕ್ಷಾರವನ್ನು ತಿನ್ನುತ್ತದೆ. ನಮ್ಮದರಲ್ಲಿ ಕೆಲವು ಕಡೆ ಹೊದಿಕೆ ಐದು ಮಿಲಿಮೀಟರೂ ಇರಲಿಲ್ಲ. ಮೇಲಿಂದ ಮಳೆನೀರು ಬೇರೆ ಜಿನುಗುತ್ತಿತ್ತು. ತುಕ್ಕಾದ ಕಬ್ಬಿಣ ಎರಡು ಪಟ್ಟಿಗೂ ಜಾಸ್ತಿ ಉಬ್ಬಿ ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ.

2019ರ ಮಳೆಗಾಲ. ಒಂದು ಸೋಮವಾರ ನಾಲ್ಕನೇ ಕ್ಲಾಸಿನ ಬಾಗಿಲು ತೆಗೆದರೆ ಮೂರನೇ ಬೆಂಚಿನ ಮೇಲೆ ಊಟದ ತಟ್ಟೆಯಗಲದ ಕಾಂಕ್ರೀಟ್ ಚಕ್ಕೆ ಬಿದ್ದಿತ್ತು. ಭಾನುವಾರ ಬಿದ್ದಿರಬೇಕು, ಪುಣ್ಯ. ತಲೆ ಎತ್ತಿದರೆ ನಾಲ್ಕು ಕಂಬಿ ಸಾಲಾಗಿ, ಇಟ್ಟಿಗೆ ಬಣ್ಣದಲ್ಲಿ. ಎರಡು ಕೊಠಡಿಯ ಸ್ಲ್ಯಾಬ್ ಒಡೆಸಿ ಮತ್ತೆ ಹಾಕಿಸಿದೆವು. ಅಲ್ಲಿವರೆಗೆ ಮಕ್ಕಳಿಗೆ ದೇವಸ್ಥಾನದ ಜಗಲಿಯಲ್ಲಿ ಪಾಠ. ಉಳಿಸಿದ್ದು ಒಂದು ಚೀಲ ಕವರ್ ಬ್ಲಾಕಿನ ದುಡ್ಡು!

ಹಾಗಾಗಿ ಫ್ರೇಮ್ ಪರಿಸರಕ್ಕೆ ಒಳ್ಳೇದಾ ಅಂತ ಕೇಳಬೇಡಿ. ಸುಣ್ಣಕಲ್ಲು ಸುಡದೆ ಸಿಮೆಂಟ್ ಬರುವುದಿಲ್ಲ, ಸುಟ್ಟಾಗಲೆಲ್ಲ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹನ್ನೊಂದು ವರ್ಷಕ್ಕೆ ಒಡೆದರೆ ಎರಡು ಸಲ ಸುಟ್ಟ ಹಾಗೆ. ಒಂದು ಎಕರೆಯಲ್ಲಿ ಆರು ಕೊಠಡಿಗೆ ಫ್ರೇಮ್ ಯಾಕೆ ಬೇಕು? ಮಣ್ಣು ಗಟ್ಟಿ ಇದ್ದರೆ ಸೈಜುಗಲ್ಲಿನ ಪಾಯ, ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿನ ಗೋಡೆ ಸಾಕು. 1911ರಲ್ಲಿ ಶುರುವಾದ ನಮ್ಮ ಕೆಆರ್‌ಎಸ್ ಕಟ್ಟೆಯೇ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ನಿಂತಿದೆ, ಅಲ್ವಾ?

ಮುಂದೆ ಮಹಡಿ ಏರಿಸುವುದು ಖಂಡಿತ ಅಂದರೆ ಫ್ರೇಮ್ ಹಾಕಿ, ಬೇಡ ಅನ್ನಲ್ಲ. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ತಗೊಳ್ಳಿ, ಹತ್ತು ದಿನವಾದರೂ ನೀರು ಹಾಕಿಸಿ. ಕಾಲಂಗಳಿಗೆ ಗೋಣಿಚೀಲ ಸುತ್ತಿ. ಕಿಟಕಿಗಳು ಉತ್ತರ, ದಕ್ಷಿಣಕ್ಕಿರಲಿ. ಮೋಲ್ಡ್ ಹಿಂದಿನ ಸಂಜೆ ಟೇಪ್ ಹಿಡಿದು ನೀವೇ ಹತ್ತಿ. ಕವರ್ ಬ್ಲಾಕ್ ಇಲ್ಲದಿದ್ದರೆ ಮೇಸ್ತ್ರಿ ಮುನಿಸಿಕೊಂಡರೂ ಪರವಾಗಿಲ್ಲ, ಬೆಳಗ್ಗೆ ಮಿಕ್ಸರ್ ವಾಪಸ್ ಕಳಿಸಿ.