17ರ ಹುಡುಗಿ ಬಂದು ಉಗೀತಾಳಾ?

ಪ್ರಶ್ನೆ: ನಂಗೀಗ 42. ಮೊನ್ನೆ ಹಳೇ ಪೆಟ್ಟಿಗೆ ಕ್ಲೀನ್ ಮಾಡ್ವಾಗ 17ನೇ ವಯಸ್ಸಲ್ಲಿ ಬರ್ದಿದ್ದ ನೋಟ್‌ಬುಕ್ ಸಿಕ್ತು. ‘ನಾನು ಪೇಂಟರ್ರೇ ಆಗೋದು, ಆಫೀಸ್ ಕೆಲಸಕ್ಕೆ ಸತ್ರೂ ಹೋಗಲ್ಲ’ ಅಂತ ಎರಡು ಸಲ ಅಂಡರ್‌ಲೈನ್ ಮಾಡಿದೀನಿ. ಈಗ 16 ವರ್ಷದಿಂದ ಅಕೌಂಟ್ಸ್ ಸೆಕ್ಷನ್ನಲ್ಲಿದೀನಿ. ಡಿವೋರ್ಸ್ ಆಗಿ ಒಬ್ಳೇ ಇದೀನಿ. ಬಾಗ್ಲು ಹಾಕ್ಕೊಂಡ್ರೆ ಅಪ್ಪ ಕೂಗಾಡ್ತಿದ್ದಿದ್ದು, ಫ್ರೆಂಡ್ಸ್ ಜಗಳ, ಅವೆಲ್ಲಾನೂ ಅದ್ರಲ್ಲಿವೆ ಬಿಡಿ. ದಿನಾ ರಾತ್ರಿ ರೂಮ್ ಬಾಗ್ಲು ಹಾಕ್ಕೊಂಡು ಅದನ್ನೇ ಓದ್ತೀನಿ. ಆ ಹುಡುಗಿ ಎದುರಿಗೆ ಬಂದ್ರೆ ಮುಖಕ್ಕೆ ಉಗೀತಾಳೆ ಅನ್ಸತ್ತೆ. ಕೆಲಸ ಬಿಟ್ಬಿಡ್ಲಾ?

ಉತ್ತರ: ರಾಜೀನಾಮೆ ಟೈಪ್ ಮಾಡಿದ್ರೆ ಸದ್ಯಕ್ಕೆ ಡ್ರಾಫ್ಟಲ್ಲೇ ಇರ್ಲಿ.

ಆ ಉಗಿಯೋಳು ಯಾರು ಅಂತ ನಂಗೆ ಡೌಟಿದೆ. ಅಮೆರಿಕದಲ್ಲಿ ಡ್ಯಾನಿಯಲ್ ಆಫರ್ ಅನ್ನೋ ಮನೋವೈದ್ಯರು 1962ರಲ್ಲಿ 14 ವರ್ಷದ 73 ಹುಡುಗರನ್ನ ಮಾತಾಡ್ಸಿ, ಮನೆ ಹೇಗಿದೆ ಅಪ್ಪ ಅಮ್ಮ ಹೇಗೆ ಅಂತೆಲ್ಲ ಬರ್ಕೊಂಡಿದ್ರು, ಆ ಹುಡುಗ್ರಿಗೆ 48 ಆದಾಗ ಅವ್ರಲ್ಲಿ 67 ಜನರನ್ನ ಮತ್ತೆ ಹಿಡಿದು ನೀವಾಗ ಹೇಗಿದ್ರಿ ಅಂತ ಕೇಳಿದ್ರೆ, ಅವ್ರು ಕೊಟ್ಟ ಉತ್ತರಕ್ಕೂ ಸುಮ್ನೆ ಗೆಸ್ ಮಾಡೋದಕ್ಕೂ ಅಂಥಾ ವ್ಯತ್ಯಾಸಾನೇ ಇರ್ಲಿಲ್ಲ. ಚಿಕ್ಕೋರಿದ್ದಾಗ ನಾವು ಹಿಂಗಿದ್ವಿ ಅಂತ ಈಗ ಹೇಳೋದ್ರಲ್ಲಿ ಈಗಿನ ಕೈಚಳಕಾನೇ ಜಾಸ್ತಿ. ಪಾಪ ಅವ್ರ ಹತ್ರ ನೋಟ್‌ಬುಕ್ ಇರ್ಲಿಲ್ಲ. ನಿಮ್ಮ ಹತ್ರ ಇದೆ, ಆದ್ರೆ ನೀವು ಅಂಡರ್‌ಲೈನ್ ಆಗಿರೋ ಒಂದೇ ಸಾಲನ್ನ ಓದ್ಕೊಂಡು ಕೂತಿದೀರಾ!

ನಾನು ನಿಮ್ಮ ಪತ್ರಾನ ಮೂರು ಸಲ ಓದ್ದೆ. ಅಪ್ಪ ಬಾಗ್ಲು ಹಾಕಕ್ಕೆ ಬಿಡ್ತಿರ್ಲಿಲ್ಲ ಅನ್ನೋದನ್ನ ‘ಬಿಡಿ’ ಅಂತ ತಳ್ಳಿಬಿಟ್ರಿ, ಮುಂದಿನ ಸಾಲಲ್ಲೇ ದಿನಾ ರಾತ್ರಿ ಬಾಗ್ಲು ಹಾಕ್ಕೊಂಡು ಓದ್ತೀನಿ ಅಂದ್ರಿ. ಆ ಹುಡುಗಿ ನಿಜ್ವಾಗ್ಲೂ ಬಂದ್ರೆ ಮೊದ್ಲು ನೋಡೋದು ಆ ಚಿಲಕ ಕಣ್ರೀ. ಒಳಗಿಂದ ಹಾಕಿ, ತೆಗೆದು, ಮತ್ತೆ ಹಾಕಿ ನೋಡ್ತಾಳೆ. ಬಾಡಿಗೆ ಯಾರು ಕಟ್ಟೋದು ಅಂತ ಕೇಳ್ತಾಳೆ, ನಾನೇ ಅಂದ್ರೆ ನಂಬಲ್ಲ. ಡಿವೋರ್ಸ್ ಬಗ್ಗೆ ಏನಂತಾಳೋ ನಂಗೊತ್ತಿಲ್ಲ, ಬಹುಶಃ ನಿಮ್ಮ ಕೂದ್ಲು ನೋಡಿ ನಗ್ತಾಳೆ.

ಪೇಂಟಿಂಗ್ ಎಲ್ಲಿ ಅಂತಾನೂ ಖಂಡಿತ ಕೇಳ್ತಾಳೆ, ಅದ್ರಿಂದ ತಪ್ಪಿಸ್ಕೊಳಕ್ಕಾಗಲ್ಲ, ನಾನೂ ತಪ್ಪಿಸಕ್ಕೆ ಹೋಗಲ್ಲ. ಆದ್ರೆ ಆ ಪ್ರತಿಜ್ಞೆ ಮಾಡಿದೋಳಿಗೆ ನಿಮ್ಮ ಪರಿಚಯಾನೇ ಇರ್ಲಿಲ್ವಲ್ಲ. 2013ರಲ್ಲಿ ಬಂದ ಒಂದು ಸ್ಟಡೀಲಿ, 18ರಿಂದ 68 ವರ್ಷದ 19,000ಕ್ಕೂ ಜಾಸ್ತಿ ಜನರಲ್ಲಿ ಎಲ್ಲಾ ವಯಸ್ಸಿನೋರೂ ಹೇಳಿದ್ದು ಒಂದೇ: ಹಿಂದಿನ 10 ವರ್ಷದಲ್ಲಿ ತುಂಬಾ ಬದಲಾದ್ವಿ, ಮುಂದಿನ 10 ವರ್ಷದಲ್ಲಿ ಅಷ್ಟೇನೂ ಬದಲಾಗಲ್ಲ. 17ರೋಳೂ ಹಂಗೇ ಅಂದ್ಕೊಂಡಿದ್ಲು. ಅವಳು ಬೇಡ ಅಂದಿದ್ದು ಆಫೀಸನ್ನೋ, ಕೂಗಾಡೋರ ಕೈಕೆಳಗೆ ಬದುಕೋದನ್ನೋ? ನಂಗೆ ಎರಡನೇದೇ ಅನ್ಸತ್ತೆ. ಆ ಕೆಲಸಾನೇ ನಿಮ್ಗೆ ಚಿಲಕ ಕೊಡ್ಸಿದ್ದು, ಅದನ್ನ ಬಿಟ್ಟು ಅವಳನ್ನ ಸಮಾಧಾನ ಮಾಡ್ತೀನಿ ಅನ್ನೋದು ನಂಗ್ಯಾಕೋ ಸರಿ ಬರ್ತಿಲ್ಲ.

ಒಂದು ವಿಷ್ಯ ನೀವು ಬರ್ದೇ ಇಲ್ಲ. ಆ ನೋಟ್‌ಬುಕ್ಕಿನ ಕೊನೇಲಿ ಖಾಲಿ ಹಾಳೆ ಇದಾವಾ? ಇದ್ರೆ ಇವತ್ತು ರಾತ್ರಿ ಓದ್ಬೇಡಿ. ಬಾಗ್ಲು ಹಾಕ್ಕೊಂಡು, ಒಂದು ಪೆನ್ಸಿಲ್ ತಗೊಂಡು, ಆ ಚಿಲಕಾನೇ ಬಿಡ್ಸಿ. ಸೊಟ್ಟ ಬಂದ್ರೂ ಹರಿದು ಹಾಕ್ಬೇಡಿ.